ಕೇರ್ ಹೋಮ್ ಮ್ಯಾನೇಜರ್‌ಗೆ: ಯಾರಿಗೆ, ಯಾವಾಗ, ಏನು ತಿಳಿಸಬೇಕು?

ಪ್ರಶ್ನೆ: ನಾನು ಹಾಸನದವಳು, ನರ್ಸ್. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದಲ್ಲಿ 24 ಹಾಸಿಗೆಯ ಒಂದು ವಸತಿ ಕೇರ್ ಹೋಮ್‌ಗೆ ಹೊಸದಾಗಿ ರಿಜಿಸ್ಟರ್ಡ್ ಮ್ಯಾನೇಜರ್ ಆಗಿದ್ದೇನೆ. ಹಿಂದಿನ ತಪಾಸಣೆಯಲ್ಲಿ ‘ಸುಧಾರಣೆ ಬೇಕು’ ಎಂಬ ದರ್ಜೆ ಬಂದಿದೆ. ಹಿಂದಿನವರು ಬಿಟ್ಟುಹೋದ ಫೈಲುಗಳು ರಾಶಿ ರಾಶಿ ಇವೆ, ಆದರೆ ಯಾವುದು ಕಡ್ಡಾಯ, ಯಾವುದಕ್ಕೆ ಎಷ್ಟು ದಿನದ ಗಡುವು ಎಂದು ತಿಳಿಯುತ್ತಿಲ್ಲ. ಸಿಬ್ಬಂದಿಯಲ್ಲಿ ಅರ್ಧದಷ್ಟು ಜನ ಕರ್ನಾಟಕ, ಕೇರಳಗಳಿಂದ ಸ್ಪಾನ್ಸರ್‌ಶಿಪ್ ಮೇಲೆ ಬಂದವರು. ಮಾಲೀಕರು ಇದರ ಜತೆಗೆ ಮನೆಗಳಿಗೇ ಹೋಗಿ ಆರೈಕೆ ಮಾಡುವ ಸೇವೆಯನ್ನೂ ಶುರು ಮಾಡಬೇಕು ಎನ್ನುತ್ತಿದ್ದಾರೆ. ಸಿಕ್ಯುಸಿ (ಕೇರ್ ಕ್ವಾಲಿಟಿ ಕಮಿಷನ್, ಇಂಗ್ಲೆಂಡಿನ ಆರೈಕೆ ಸೇವೆಗಳ ನಿಯಂತ್ರಕ ಸಂಸ್ಥೆ) ಮತ್ತೆ ಬರುವುದರೊಳಗೆ ಏನೇನು ಸರಿಮಾಡಿಕೊಳ್ಳಬೇಕು?

ಉತ್ತರ: ಫೈಲುಗಳ ರಾಶಿಗೆ ಸದ್ಯಕ್ಕೆ ಕೈ ಹಾಕಬೇಡಿ. ಕಳೆದ ಆರು ತಿಂಗಳಲ್ಲಿ ನಿಮ್ಮಲ್ಲಿ ನಡೆದ ಗಂಭೀರ ಘಟನೆ ಒಂದನ್ನು ಆರಿಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿಯಿತು ಎಂದಿಟ್ಟುಕೊಳ್ಳಿ. ಅದು ಎಲ್ಲೆಲ್ಲಿ ದಾಖಲಾಗಿದೆ ಎಂದು ಹುಡುಕುತ್ತ ಹೋಗಿ: ಅಪಘಾತದ ಪುಸ್ತಕ, ಆ ದಿನದ ಟಿಪ್ಪಣಿ, ಬೆಳಗಿನ ಹ್ಯಾಂಡೋವರ್, ಮನೆಯವರಿಗೆ ಮಾಡಿದ ಫೋನು, ಸಿಕ್ಯುಸಿಗೆ ಕಳಿಸಿದ ನೋಟಿಫಿಕೇಶನ್, ಬೀಳುವ ಅಪಾಯದ ಮೌಲ್ಯಮಾಪನ, ಕೇರ್ ಪ್ಲಾನ್, ತಿಂಗಳ ಆಡಿಟ್. ಇನ್ಸ್‌ಪೆಕ್ಟರ್ ಮಾಡುವುದೂ ಇದನ್ನೇ. ಕಪಾಟಿನಲ್ಲಿರುವ ಪಾಲಿಸಿಗಳನ್ನು ಅವರು ಒಂದೊಂದಾಗಿ ಓದುವುದು ಕಡಿಮೆ. ಒಬ್ಬರ ಹೆಸರು ಹಿಡಿದು ದಾಖಲೆಯಿಂದ ದಾಖಲೆಗೆ ಹೋಗುತ್ತಾರೆ, ಆಮೇಲೆ ಆ ಕೋಣೆಗೇ ಹೋಗಿ ನೋಡುತ್ತಾರೆ. ಎರಡು ಕಡೆ ಬರೆದದ್ದು ಒಂದಕ್ಕೊಂದು ತಾಳೆಯಾಗದಿದ್ದರೆ ವರದಿಯ ಮೊದಲ ಸಾಲು ಅಲ್ಲೇ ಹುಟ್ಟುತ್ತದೆ. ‘ಸುಧಾರಣೆ ಬೇಕು’ ಎಂಬ ದರ್ಜೆ ಬಂದ ಅನೇಕ ಕಡೆ ಆರೈಕೆ ಕೆಟ್ಟದಾಗಿರುವುದಿಲ್ಲ. ಗೊತ್ತಾದದ್ದನ್ನು ಯಾರಿಗೂ ತಿಳಿಸಿರುವುದಿಲ್ಲ, ತಿಳಿಸಿದ ಮೇಲೆ ಏನೂ ಬದಲಾಗಿರುವುದಿಲ್ಲ, ಅಷ್ಟೆ.

ಒಂದು ಮಾತು ಮೊದಲೇ. ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆ ಬೇರೆ ನಿಯಂತ್ರಕರಿದ್ದಾರೆ. ಗ್ಲಾಸ್ಗೋದಲ್ಲಿರುವ ಗೆಳತಿ ಬೇರೆ ಗಡುವು ಹೇಳಿದರೆ ಇಬ್ಬರೂ ಸರಿಯಿರಬಹುದು.

ನೀವು ಕಣ್ಣೆದುರಿಗಿಟ್ಟುಕೊಳ್ಳಬೇಕಾದ ನಿಯಮಾವಳಿಗಳು ಎರಡು: 2009ರ ನೋಂದಣಿ ನಿಯಮಾವಳಿ, 2014ರ ನಿಯಂತ್ರಿತ ಚಟುವಟಿಕೆಗಳ ನಿಯಮಾವಳಿ. ಎರಡರಲ್ಲೂ ಅವೇ ಸಂಖ್ಯೆಗಳು ಬರುವುದರಿಂದ ಹೊಸಬರಿಗೆ ಗೊಂದಲ ಗ್ಯಾರಂಟಿ. 2009ರ 16 ಎಂದರೆ ಸಾವಿನ ಸೂಚನೆ, 2014ರ 16 ಎಂದರೆ ದೂರುಗಳು. 2009ರ 18 ಎಂದರೆ ಇತರ ಘಟನೆಗಳ ಸೂಚನೆ, 2014ರ 18 ಎಂದರೆ ಸಿಬ್ಬಂದಿ. ಯಾರಾದರೂ ‘ರೆಗ್ಯುಲೇಶನ್ 18’ ಎಂದರೆ ಯಾವ ಇಸವಿಯದು ಎಂದು ಕೇಳಿ.

ಸಿಕ್ಯುಸಿಗೆ ತಿಳಿಸಬೇಕಾದದ್ದು

ಕಾನೂನಿನ ಮಾತು ‘ತಡಮಾಡದೆ’ ಎಂದು. ಎಷ್ಟು ಗಂಟೆ ಎಂದು ಬರೆದಿಲ್ಲ ಎಂಬ ಕಾರಣಕ್ಕೆ ವಾರ ಎಳೆಯಬೇಡಿ. ಅದೇ ದಿನ, ತೀರಾ ಆಗದಿದ್ದರೆ ಮರುದಿನ ಕಳಿಸುವುದು ಒಳ್ಳೆಯ ರೂಢಿ.

ಕೇರ್ ಹೋಮ್‌ನಲ್ಲಿ ಯಾರೇ ತೀರಿಕೊಂಡರೂ ನಿರೀಕ್ಷಿತವೋ ಅನಿರೀಕ್ಷಿತವೋ ಎಂದು ನೋಡದೆ ತಿಳಿಸಿ. ಮನೆ ಆರೈಕೆಯಲ್ಲಿ ಹಾಗಲ್ಲ. ನಿಮ್ಮ ಕೇರರ್ ಆರೈಕೆ ಕೊಡುತ್ತಿರುವಾಗಲೇ ಸಾವು ಬಂದಿದ್ದರೆ ಅಥವಾ ನಿಮ್ಮ ಸೇವೆಯೇ ಅದಕ್ಕೆ ಕಾರಣ ಆಗಿರಬಹುದಾದರೆ ಮಾತ್ರ. ಗಂಭೀರ ಗಾಯ, ಯಾವುದೇ ಬಗೆಯ ದೌರ್ಜನ್ಯ ಅಥವಾ ಅದರ ಆರೋಪ, ಪೊಲೀಸರಿಗೆ ಹೋದ ಘಟನೆ, ಸೇವೆಯನ್ನೇ ನಿಲ್ಲಿಸುವಂಥ ತೊಂದರೆ ಇವೆಲ್ಲ 2009ರ 18ರ ಅಡಿ ಬರುತ್ತವೆ. ವಿದ್ಯುತ್, ಗ್ಯಾಸ್, ನೀರು, ಒಳಚರಂಡಿ ಸತತ 24 ಗಂಟೆಗಿಂತ ಹೆಚ್ಚು ಹೊತ್ತು ಕೈಕೊಟ್ಟರೂ, ಫೈರ್ ಅಲಾರ್ಮ್ ಅಷ್ಟು ಹೊತ್ತು ಕೆಲಸ ಮಾಡದಿದ್ದರೂ ತಿಳಿಸಬೇಕು. ಜನ ಹೆಚ್ಚಾಗಿ ಮರೆಯುವುದು ಒತ್ತುಹುಣ್ಣನ್ನು. ನಿಮ್ಮಲ್ಲಿಗೆ ಬಂದ ಮೇಲೆ ಮೂರನೆಯ ದರ್ಜೆಯ ಅಥವಾ ಅದಕ್ಕೂ ಮೇಲಿನ ಹುಣ್ಣು ಆದರೆ ಅದು ಗಂಭೀರ ಗಾಯದ ಲೆಕ್ಕ. ಡಿಸ್ಟ್ರಿಕ್ಟ್ ನರ್ಸ್ ಬಂದು ಡ್ರೆಸಿಂಗ್ ಮಾಡುತ್ತಿದ್ದಾರೆ ಎಂಬುದು ತಿಳಿಸದಿರಲು ನೆಪವಾಗುವುದಿಲ್ಲ.

ಸೇಫ್‌ಗಾರ್ಡಿಂಗ್, ಅಂದರೆ ನಿವಾಸಿಗಳನ್ನು ದೌರ್ಜನ್ಯದಿಂದ ಕಾಪಾಡುವ ವಿಷಯವಾದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೂ ಸಿಕ್ಯುಸಿಗೂ ಎರಡು ಕಡೆಗೂ ಬೇರೆ ಬೇರೆ ಹೋಗಬೇಕು. ಕೌನ್ಸಿಲ್‌ಗೆ ಹೇಳಿದ್ದೇವಲ್ಲ ಎಂದು ಕೂತವರು ಬಹಳ. ಇಬ್ಬರು ನಿವಾಸಿಗಳ ನಡುವೆ ಹೊಡೆದಾಟವಾಗಿ, ಇಬ್ಬರಿಗೂ ಮರೆವಿನ ಕಾಯಿಲೆ ಇದ್ದರೂ ಅದು ‘ಆರೋಪ’ದ ವ್ಯಾಪ್ತಿಗೆ ಬರಬಹುದು. ಸೂಚನೆಯಲ್ಲಿ ನಿವಾಸಿಯ ಹೆಸರು ಬರೆಯಬೇಡಿ, ನಿಮ್ಮದೇ ಸಂಕೇತ ಸಂಖ್ಯೆ ಹಾಕಿ. ಆ ಸಂಕೇತ ಯಾರದ್ದು ಎಂಬ ಪಟ್ಟಿ ಬೀಗದೊಳಗೆ ಇರಲಿ. ಹಳೆಯ ಮ್ಯಾನೇಜರ್ ತಮ್ಮ ತಲೆಯಲ್ಲೇ ಇಟ್ಟುಕೊಂಡು ಹೋದ ಪಟ್ಟಿಯಿಂದ ಈಗ ನಿಮಗೆ ಏನೂ ಪ್ರಯೋಜನವಿಲ್ಲ.

ಡೋಲ್ಸ್, ಅಂದರೆ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಕೌನ್ಸಿಲ್‌ನಿಂದ ಪಡೆಯುವ ಅನುಮತಿ, ಇದರಲ್ಲಿ ಸಿಕ್ಯುಸಿಗೆ ತಿಳಿಸುವುದು ಅರ್ಜಿ ಹಾಕಿದಾಗ ಅಲ್ಲ. ಫಲಿತಾಂಶ ಗೊತ್ತಾದಾಗ, ಇಲ್ಲವೆ ಅರ್ಜಿ ವಾಪಸ್ ಪಡೆದಾಗ. ತುರ್ತು ಅನುಮತಿಯನ್ನು ಕೇರ್ ಹೋಮ್ ತಾನೇ 7 ದಿನಕ್ಕೆ ಕೊಟ್ಟುಕೊಳ್ಳಬಹುದು, ಕೌನ್ಸಿಲ್ ಇನ್ನೊಂದು 7 ದಿನ ವಿಸ್ತರಿಸಬಹುದು. ಸಾಮಾನ್ಯ ಅನುಮತಿ ಹೆಚ್ಚೆಂದರೆ 12 ತಿಂಗಳು. ಕೌನ್ಸಿಲ್‌ಗಳಲ್ಲಿ ಅರ್ಜಿಗಳು ತಿಂಗಳುಗಟ್ಟಲೆ ಬಾಕಿ ಬಿದ್ದಿರುವುದು ಎಲ್ಲರಿಗೂ ಗೊತ್ತು. ಅದಕ್ಕಾಗಿ ನಿಮ್ಮನ್ನು ದೂರುವುದಿಲ್ಲ. ಆದರೆ ನೀವು ಬೆನ್ನುಹತ್ತಿದ ಇಮೇಲುಗಳು ಫೈಲಿನಲ್ಲಿರಬೇಕು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಅನುಮತಿ ಬಂದಿರುತ್ತದೆ, ಅದರ ಜತೆಗೆ ‘ವಾರಕ್ಕೆ ಇಷ್ಟು ಸಲ ಹೊರಗೆ ಕರೆದೊಯ್ಯಬೇಕು’ ಎಂಬಂಥ ಷರತ್ತೂ ಬಂದಿರುತ್ತದೆ, ಕೇರ್ ಪ್ಲಾನ್‌ನಲ್ಲಿ ಮಾತ್ರ ಅದರ ಸುಳಿವಿಲ್ಲ. ಷರತ್ತನ್ನು ಪಾಲಿಸದಿದ್ದರೆ ಅನುಮತಿ ಇದ್ದೂ ಇಲ್ಲದ ಹಾಗೆ. ಗೋಡೆಯ ಮೇಲೆ ಒಂದು ಪಟ್ಟಿ ಸಾಕು: ಹೆಸರಿನ ಸಂಕೇತ, ಮುಗಿಯುವ ದಿನ, ಷರತ್ತು, ಮರು ಅರ್ಜಿ ಹಾಕಬೇಕಾದ ದಿನ.

ಇನ್ನು ನಿಮ್ಮ ಬಗ್ಗೆಯೇ. ನೀವು 28 ದಿನ ಅಥವಾ ಅದಕ್ಕಿಂತ ಹೆಚ್ಚು ಸತತವಾಗಿ ರಜೆ ಹೋಗುವುದಾದರೆ ಕನಿಷ್ಠ 28 ದಿನ ಮುಂಚೆ ಸಿಕ್ಯುಸಿಗೆ ತಿಳಿಸಬೇಕು. ಊರಿಗೆ ಐದಾರು ವಾರ ಹೋಗುವವರು ಟಿಕೆಟ್ ತೆಗೆದ ದಿನವೇ ಕಳಿಸಿಬಿಡಿ. ದಿಢೀರೆಂದು ಹೋಗಬೇಕಾಗಿ ಬಂದರೆ ಗೈರುಹಾಜರಿ ಶುರುವಾದ 5 ಕೆಲಸದ ದಿನಗಳೊಳಗೆ. ನೀವಿಲ್ಲದಾಗ ಹೊಣೆ ಯಾರದ್ದು ಎಂಬುದೂ ಅದರಲ್ಲಿರಬೇಕು. ವಾಪಸ್ ಬಂದ ಮೇಲೂ 7 ಕೆಲಸದ ದಿನಗಳೊಳಗೆ ಹೇಳಬೇಕು, ಇದನ್ನು ಮರೆಯುವವರೇ ಹೆಚ್ಚು. ಸೇವೆಯ ಉದ್ದೇಶ ಪತ್ರ, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಬದಲಾದರೆ 28 ದಿನಗಳೊಳಗೆ ಹೊಸದನ್ನು ಕಳಿಸಬೇಕು.

ತಿಳಿಸದೆ ಬಿಟ್ಟರೆ ಕೋರ್ಟಿಗೆ ಹೋಗದೆಯೇ ದಂಡದ ನೋಟಿಸ್ ಕೊಡುವ ಅಧಿಕಾರ ಸಿಕ್ಯುಸಿಗಿದೆ: ಸಂಸ್ಥೆಗೆ 1,250 ಪೌಂಡ್, ರಿಜಿಸ್ಟರ್ಡ್ ಮ್ಯಾನೇಜರ್‌ಗೆ ವೈಯಕ್ತಿಕವಾಗಿ 625 ಪೌಂಡ್. ಎರಡನೆಯದು ಮಾಲೀಕರ ಜೇಬಿನದ್ದಲ್ಲ ಎಂಬುದು ನೆನಪಿರಲಿ. ಆದ್ದರಿಂದ ನಿಮ್ಮ ಮೊದಲ ವಾರದ ಕೆಲಸ: ಕಳೆದ 12 ತಿಂಗಳ ಅಪಘಾತ ಪುಸ್ತಕ, ಸೇಫ್‌ಗಾರ್ಡಿಂಗ್ ಫೈಲ್, ಸಾವುಗಳ ಪಟ್ಟಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಕಳಿಸಿದ ನೋಟಿಫಿಕೇಶನ್‌ಗಳ ಜತೆ ಒಂದೊಂದನ್ನೂ ಹೊಂದಿಸಿ ನೋಡುವುದು. ಬಿಟ್ಟುಹೋದದ್ದು ಸಿಕ್ಕರೆ ಈಗಲೇ ಕಳಿಸಿ, ತಡವಾದ ಕಾರಣ ಬರೆಯಿರಿ. ಹೊಸ ಮ್ಯಾನೇಜರ್ ತಾನಾಗಿ ಪತ್ತೆಹಚ್ಚಿ ಕಳಿಸಿದ ಹಳೆಯ ನೋಟಿಫಿಕೇಶನ್ ಆಡಳಿತ ಸುಧಾರಿಸಿದೆ ಎನ್ನಲು ಸಾಕ್ಷಿಯಾಗುತ್ತದೆ, ಇನ್ಸ್‌ಪೆಕ್ಟರ್ ಕಂಡುಹಿಡಿದರೆ ಮುಚ್ಚಿಟ್ಟದ್ದಾಗುತ್ತದೆ.

ಅದೇ ಅಜ್ಜಿಯ ಮನೆಯವರಿಗೆ ಹೇಳುವುದು ಬೇರೊಂದು ಕರ್ತವ್ಯ. 2014ರ ನಿಯಮ 20, ಡ್ಯೂಟಿ ಆಫ್ ಕ್ಯಾಂಡರ್, ಅಂದರೆ ಮುಚ್ಚುಮರೆಯಿಲ್ಲದೆ ಹೇಳುವ ಕರ್ತವ್ಯ. ಆರೈಕೆ ಕೊಡುವಾಗ ಅನಿರೀಕ್ಷಿತವಾಗಿ ಏನಾದರೂ ನಡೆದು ಸಾವು, ಇಂದ್ರಿಯ, ಚಲನೆ ಅಥವಾ ಬುದ್ಧಿಶಕ್ತಿಗೆ 28 ದಿನ ಸತತವಾಗಿ ಉಳಿಯುವ ಊನ, ದೀರ್ಘಕಾಲದ ನೋವು, ದೀರ್ಘಕಾಲದ ಮಾನಸಿಕ ಹಾನಿ ಇಂಥದ್ದು ಆದರೆ, ಆದಷ್ಟು ಬೇಗ ಎದುರಿಗೆ ಹೇಳಬೇಕು, ಗೊತ್ತಿರುವಷ್ಟನ್ನು ನಿಜವಾಗಿ ಹೇಳಬೇಕು, ಕ್ಷಮೆ ಕೇಳಬೇಕು, ಮುಂದೆ ಏನು ವಿಚಾರಣೆ ಮಾಡುತ್ತೇವೆ ಎಂದು ತಿಳಿಸಬೇಕು, ಅದನ್ನೆಲ್ಲ ಪತ್ರದಲ್ಲೂ ಕೊಡಬೇಕು. ‘ಸಾರಿ ಅಂದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ, ಇನ್ಶೂರೆನ್ಸ್‌ನವರು ಬೇಡ ಅಂದಿದ್ದಾರೆ’ ಎಂಬ ಮಾತು ಕಚೇರಿಗಳಲ್ಲಿ ಓಡಾಡುತ್ತಿರುತ್ತದೆ. ಕ್ಷಮೆ ಕೇಳಿದ ಮಾತ್ರಕ್ಕೆ ಹೊಣೆ ಒಪ್ಪಿಕೊಂಡಂತಲ್ಲ ಎಂದು 2006ರ ಪರಿಹಾರ ಕಾಯ್ದೆಯ ಎರಡನೆಯ ಕಲಮೇ ಹೇಳುತ್ತದೆ. ಪತ್ರದಲ್ಲಿ ‘ನಿಮಗೆ ಬೇಸರವಾಗಿದ್ದರೆ ವಿಷಾದಿಸುತ್ತೇವೆ’ ಎಂದು ಬರೆಯಬೇಡಿ. ‘ನಿಮ್ಮ ತಾಯಿ ಬಿದ್ದದ್ದಕ್ಕೆ, ಅವರಿಗೆ ಪೆಟ್ಟಾದದ್ದಕ್ಕೆ ಕ್ಷಮಿಸಿ’ ಎಂದೇ ಬರೆಯಿರಿ.

ಕೋಣೆಯೊಳಗೆ ಇನ್ಸ್‌ಪೆಕ್ಟರ್ ನೋಡುವುದು

ಗಾಳಿ ತುಂಬುವ ಹಾಸಿಗೆಯಿಂದ ಶುರುಮಾಡಿ. ಪಂಪ್‌ನ ಗುಂಡಿಯನ್ನು ಮಲಗುವವರ ತೂಕಕ್ಕೆ ತಕ್ಕಂತೆ ತಿರುಗಿಸಬೇಕಾದ ಮಾದರಿಗಳು ಬಹಳ ಇವೆ. ತೂಕದ ಚಾರ್ಟ್‌ನಲ್ಲಿ 52 ಕೆಜಿ, ಪಂಪ್‌ನಲ್ಲಿ 90. ಕ್ಲೀನಿಂಗ್ ಮಾಡುವಾಗ ಮೊಣಕೈ ತಗುಲಿ ತಿರುಗಿರಬಹುದು, ಅಥವಾ ತೂಕ ಇಳಿದಾಗ ಯಾರೂ ಬದಲಿಸಿರಲಿಕ್ಕಿಲ್ಲ. ಹಾಸಿಗೆ ಗಟ್ಟಿಯಾಗುತ್ತದೆ, ಹುಣ್ಣು ತಪ್ಪಿಸಲು ಹಾಕಿದ್ದೇ ಹುಣ್ಣಿಗೆ ದಾರಿ ಮಾಡುತ್ತದೆ. ಪ್ರತಿ ಪಾಳಿಯಲ್ಲೂ ಸೆಟ್ಟಿಂಗ್ ನೋಡಿ ಬರೆಯುವ ಒಂದು ಸಾಲು ದಿನದ ದಾಖಲೆಯಲ್ಲಿರಲಿ, ತಿಂಗಳ ತೂಕ ತೆಗೆದ ದಿನವೇ ಸೆಟ್ಟಿಂಗ್ ಬದಲಿಸುವ ಕೆಲಸ ಯಾರದ್ದೆಂದು ಹೆಸರಿಸಿ.

ಬಿಸಿನೀರಿನ ದಾಖಲೆಯೂ ಹಾಗೆಯೇ. ಸ್ನಾನದ ತೊಟ್ಟಿಯ ನೀರು 44 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಶವರ್ 41ರೊಳಗೆ. ಇನ್ನೊಂದು ಕಡೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿಯ ನಡುವೆ. ಅದಕ್ಕೇ ಟ್ಯಾಂಕಿನಲ್ಲಿ 60, ಕೊಳವೆಗಳಲ್ಲಿ ಕನಿಷ್ಠ 50, ಆರೋಗ್ಯ ಸೇವೆಯ ಕಟ್ಟಡಗಳಲ್ಲಿ 55; ತಣ್ಣೀರು 20ಕ್ಕಿಂತ ಕೆಳಗೆ. ಬಿಸಿನೀರು ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ವಾಲ್ವ್ ನಲ್ಲಿಗೆ ಆದಷ್ಟು ಹತ್ತಿರ ಇರಬೇಕಾದದ್ದು ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ನಿಭಾಯಿಸಲು. ಖಾಲಿ ಕೋಣೆಗಳ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಬಿಟ್ಟು ನೀರು ಹರಿಸಬೇಕು. ತಪ್ಪುವುದು ಎಲ್ಲಿ? ಒಂದೋ, 24 ಕೋಣೆಗಳಲ್ಲೂ ಪ್ರತಿ ವಾರ 43, 43, 43 ಎಂದು ಒಂದೇ ಪೆನ್ನಿನಲ್ಲಿ ಬರೆದಿರುತ್ತದೆ; ಅದನ್ನು ಯಾರೂ ನಂಬುವುದಿಲ್ಲ. ಇಲ್ಲವೇ 47 ಎಂದು ಪ್ರಾಮಾಣಿಕವಾಗಿ ಬರೆದಿರುತ್ತದೆ, ಮೂರು ತಿಂಗಳು ಸತತವಾಗಿ. ಪ್ಲಂಬರ್‌ನನ್ನು ಕರೆದ ಗುರುತಿಲ್ಲ. ಇದು ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಗೊತ್ತಿದ್ದೂ ಬಿಟ್ಟದ್ದಕ್ಕೆ ನೀವೇ ಲಿಖಿತ ಸಾಕ್ಷಿ ಕೊಟ್ಟಿದ್ದೀರಿ.

ಜನರನ್ನು ಎತ್ತುವ ಹಾಯಿಸ್ಟ್‌ಗೂ ಅದರಲ್ಲಿ ಕೂರಿಸುವ ಬಟ್ಟೆಯ ಸ್ಲಿಂಗ್‌ಗೂ ಆರು ತಿಂಗಳಿಗೊಮ್ಮೆ ‘ಥರೋ ಎಕ್ಸಾಮಿನೇಶನ್’ ಆಗಬೇಕು, ಇದು ಎತ್ತುವ ಸಾಧನಗಳ ಕುರಿತ 1998ರ ಲೋಲರ್ ನಿಯಮ. ಕಂಪನಿಯವರು ಬಂದು ಸರ್ವಿಸ್ ಮಾಡಿ ಹೋದ ಚೀಟಿ ಬೇರೆ, ಈ ಪರೀಕ್ಷೆಯ ವರದಿ ಬೇರೆ. ಸ್ಲಿಂಗ್‌ಗಳ ಸಂಖ್ಯೆ ವರದಿಯಲ್ಲಿ ಇರುವುದಕ್ಕೂ ಬಾತ್‌ರೂಮಿನ ಕೊಕ್ಕೆಗೆ ನೇತುಹಾಕಿರುವುದಕ್ಕೂ ತಾಳೆ ನೋಡಿ. ಲಾಂಡ್ರಿಗೆ ಹೋಗಿ ಲೇಬಲ್ ಮಾಸಿದ ಸ್ಲಿಂಗ್ ಇದ್ದರೆ ತೆಗೆದುಹಾಕಿ. ಕಿಟಕಿ 100 ಮಿಲಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿರಬೇಕು, ಕೈಯಿಂದ ಬಿಚ್ಚಲಾಗಬಾರದು. ಹಾಸಿಗೆಯ ಪಕ್ಕದ ತಡೆಕಂಬಿ, ಅಂದರೆ ಬೆಡ್ ರೈಲ್‌ಗಳ ಬಗ್ಗೆ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಂಎಚ್‌ಆರ್‌ಎ 2023ರ ಆಗಸ್ಟ್‌ನಲ್ಲಿ ಸಿಕ್ಕಿಕೊಂಡು ಸಾಯುವ ಅಪಾಯದ ಎಚ್ಚರಿಕೆ ಹೊರಡಿಸಿತ್ತು. ಅದಾದ ಮೇಲೆ ನಿಮ್ಮ ಅಪಾಯದ ಮೌಲ್ಯಮಾಪನಗಳು ಹೊಸದಾಗಿವೆಯೇ ಎಂಬ ಪ್ರಶ್ನೆ ಈಗಲೂ ಬರುತ್ತದೆ.

ಔಷಧಿ ವಿಷಯದಲ್ಲಿ ಮಾರ್ ಶೀಟ್‌ನ (ಔಷಧಿ ಕೊಟ್ಟದ್ದನ್ನು ದಾಖಲಿಸುವ ಹಾಳೆ) ಖಾಲಿ ಚೌಕಗಳನ್ನು ಎಲ್ಲರೂ ಹುಡುಕುತ್ತಾರೆ. ಹುಡುಕದೆ ಬಿಡುವುದನ್ನು ಹೇಳುತ್ತೇವೆ. ‘ಬೇಕಾದಾಗ’ ಕೊಡುವ ಮಾತ್ರೆಗೆ ಪ್ರೋಟೋಕಾಲ್ ಇರಬೇಕು: ಏನು ಲಕ್ಷಣ ಕಂಡಾಗ, ಎಷ್ಟು, ಎರಡು ಡೋಸ್ ನಡುವೆ ಎಷ್ಟು ಅಂತರ, 24 ಗಂಟೆಯಲ್ಲಿ ಗರಿಷ್ಠ ಎಷ್ಟು, ಮಾತಾಡಲಾಗದವರಿಗೆ ನೋವಾಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ. ಪ್ಯಾರಾಸಿಟಮಾಲ್ ಕೊಟ್ಟ ನಿಖರ ಸಮಯ ಬರೆಯದೆ ‘ಬೆಳಗ್ಗೆ’ ಎಂದಷ್ಟೇ ಇದ್ದರೆ ನಾಲ್ಕು ಗಂಟೆಯ ಅಂತರ ಇತ್ತೆಂದು ತೋರಿಸಲಾಗದು. ನೋವಿನ ಪ್ಯಾಚ್ ಹಾಕುವಾಗ ಹಳೆಯದನ್ನು ತೆಗೆದದ್ದು, ಹೊಸದನ್ನು ಅಂಟಿಸಿದ ಜಾಗ ಎರಡೂ ದೇಹದ ನಕ್ಷೆಯಲ್ಲಿರಬೇಕು. ಎರಡು ಪ್ಯಾಚ್ ಒಟ್ಟಿಗೆ ಮೈಮೇಲೆ ಉಳಿದರೆ ಡೋಸ್ ದುಪ್ಪಟ್ಟು. ಪಾರ್ಕಿನ್ಸನ್ಸ್ ಮಾತ್ರೆ ಹೇಳಿದ ಸಮಯಕ್ಕೆ ಅರ್ಧ ಗಂಟೆಯ ಒಳಗೆ ಹೋಗಬೇಕು, ಔಷಧಿ ಟ್ರಾಲಿ ಆ ಕೋಣೆಗೆ ಬರುವ ಸರದಿ ಕಾಯಬಾರದು. ಫ್ರಿಜ್ 2ರಿಂದ 8 ಡಿಗ್ರಿ, ಕನಿಷ್ಠ ಗರಿಷ್ಠ ಎರಡನ್ನೂ ದಿನಾ ಬರೆದು ಥರ್ಮಾಮೀಟರ್ ರೀಸೆಟ್ ಮಾಡಿ, ಇಲ್ಲದಿದ್ದರೆ ಒಂದು ದಿನದ 14 ಡಿಗ್ರಿ ತಿಂಗಳಿಡೀ ತೋರಿಸುತ್ತಲೇ ಇರುತ್ತದೆ. ಆಹಾರ ಗಟ್ಟಿ ಮಾಡುವ ಪುಡಿ ಕೋಣೆಯ ಟೇಬಲ್ ಮೇಲೆ ಬಿಡಬಾರದು. ಒಣ ಪುಡಿ ನುಂಗಿ ಉಸಿರುಗಟ್ಟಿದ್ದರಿಂದಲೇ 2015ರಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಎಚ್ಚರಿಕೆ ಕೊಟ್ಟಿತ್ತು. ಚರ್ಮಕ್ಕೆ ಹಚ್ಚುವ ಮುಲಾಮು ಬಟ್ಟೆ, ಹೊದಿಕೆಗೆ ಇಳಿದು ಒಣಗಿದರೆ ಬೇಗ ಬೆಂಕಿ ಹಿಡಿಯುತ್ತದೆ, ಪ್ಯಾರಾಫಿನ್ ಇಲ್ಲದ್ದೂ ಅಷ್ಟೆ. ಸಿಗರೇಟು ಸೇದುವ ನಿವಾಸಿ ಇದ್ದರೆ ಅವರ ಬೆಂಕಿ ಅಪಾಯದ ಮೌಲ್ಯಮಾಪನದಲ್ಲಿ ಮುಲಾಮಿನ ಹೆಸರು ಇರಲೇಬೇಕು.

ಭೇಟಿಗೆ ಬರುವವರ ವಿಷಯದಲ್ಲಿ 2024ರ ಏಪ್ರಿಲ್ 6ರಿಂದ 2014ರ ನಿಯಮಾವಳಿಯ 9ಎ ಜಾರಿಯಲ್ಲಿದೆ. ವಾಂತಿಭೇದಿ ಹರಡಿದೆ ಎಂದು ಬಾಗಿಲಿಗೆ ‘ಭೇಟಿ ಇಲ್ಲ’ ಬೋರ್ಡ್ ಹಾಕಿ ಎಲ್ಲರನ್ನೂ ತಡೆಯುವಂತಿಲ್ಲ. ಮುನ್ನೆಚ್ಚರಿಕೆ ಯಾರಿಗೆ, ಏಕೆ ಎಂದು ಒಬ್ಬೊಬ್ಬರಿಗೇ ಯೋಚಿಸಿ ಬರೆಯಬೇಕು. ದರ್ಜೆಯ ಪೋಸ್ಟರ್ ವರದಿ ಪ್ರಕಟವಾದ 21 ದಿನದೊಳಗೆ ಬಾಗಿಲ ಹತ್ತಿರವೂ ವೆಬ್‌ಸೈಟ್‌ನಲ್ಲೂ ಕಾಣುವಂತೆ ಹಾಕಬೇಕು. ‘ಸುಧಾರಣೆ ಬೇಕು’ ಎಂಬುದನ್ನು ಹೂಕುಂಡದ ಹಿಂದೆ ಇಟ್ಟಿದ್ದರೆ ಮುಂದೆ ತನ್ನಿ.

ಸಿಬ್ಬಂದಿಯ ಫೈಲು

ಇಲ್ಲಿ ಭಾರತದಿಂದ ಬಂದವರ ಫೈಲುಗಳು ಒಂದೇ ರೀತಿಯಲ್ಲಿ ಸಿಕ್ಕಿಬೀಳುತ್ತವೆ. 2014ರ ನಿಯಮ 19, ಅದರ ಮೂರನೆಯ ಅನುಬಂಧ ಪೂರ್ತಿ ಉದ್ಯೋಗ ಇತಿಹಾಸ ಕೇಳುತ್ತದೆ, ನಡುವಿನ ಖಾಲಿ ಅವಧಿಗೆ ಲಿಖಿತ ವಿವರಣೆ ಕೇಳುತ್ತದೆ. ‘2016–2018 ಮಂಗಳೂರು, 2019–2022 ಬೆಂಗಳೂರು’ ಎಂದು ಬರೆದ ಬಯೋಡೇಟಾ ಸಾಲದು, ತಿಂಗಳೂ ಬೇಕು. 2018ರ ಜನವರಿಗೆ ಬಿಟ್ಟು 2019ರ ಡಿಸೆಂಬರಿಗೆ ಸೇರಿದ್ದರೆ ನಡುವೆ ಹತ್ತಿರ ಹತ್ತಿರ ಎರಡು ವರ್ಷ. ಮದುವೆ, ಬಾಣಂತನ, ಐಇಎಲ್‌ಟಿಎಸ್ ಓದು, ಏನೇ ಇರಲಿ ಒಂದು ಸಾಲು ಬರೆಸಿ ಸಹಿ ಹಾಕಿಸಿ. ನಡತೆಯ ಪುರಾವೆಯನ್ನು ಕೊನೆಯ ಮಾಲೀಕರಿಂದ ಮಾತ್ರ ತಂದರೆ ಆಗದು, ಹಿಂದೆ ಆರೋಗ್ಯ ಮತ್ತು ಆರೈಕೆ ವಲಯದಲ್ಲಿ ಮಾಡಿದ ಕೆಲಸಗಳದ್ದೂ ಬೇಕು, ಬಿಟ್ಟ ಕಾರಣವನ್ನೂ ಸಾಧ್ಯವಾದಷ್ಟು ಖಚಿತಪಡಿಸಿಕೊಳ್ಳಬೇಕು. ಊರಿನ ನರ್ಸಿಂಗ್ ಹೋಮ್ ಮುಚ್ಚಿಹೋಗಿದ್ದರೆ ನೀವು ಇಮೇಲ್ ಮಾಡಿದ್ದು, ಫೋನ್ ಮಾಡಿದ್ದು, ಉತ್ತರ ಬಾರದ್ದು ಫೈಲಿನಲ್ಲಿರಲಿ. ವಯಸ್ಕರ ಜತೆ ಕೆಲಸ ಮಾಡದಂತೆ ನಿಷೇಧಿತರಾದವರ ಪಟ್ಟಿಯನ್ನೂ ಒಳಗೊಂಡ ಎನ್‌ಹಾನ್ಸ್ಡ್ ಡಿಬಿಎಸ್, ಅಂದರೆ ಅಪರಾಧ ದಾಖಲೆಯ ತಪಾಸಣೆ, ಇಲ್ಲಿಯದ್ದು ಮಾತ್ರ ಹೇಳುತ್ತದೆ. ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪ್ರತಿ ಪಕ್ಕದಲ್ಲಿರಬೇಕು.

ಕಲಿಕಾ ನ್ಯೂನತೆ ಮತ್ತು ಆಟಿಸಂ ತರಬೇತಿ 2022ರ ಜುಲೈ 1ರಿಂದಲೇ ಕಡ್ಡಾಯ. ಅದು ಹೇಗಿರಬೇಕೆಂಬ ಆಲಿವರ್ ಮೆಕ್‌ಗೋವನ್ (ಆಟಿಸಂ ಇದ್ದು ಆಸ್ಪತ್ರೆಯಲ್ಲಿ ತೀರಿಕೊಂಡ ಯುವಕ) ಹೆಸರಿನ ಆಚಾರ ಸಂಹಿತೆ 2025ರ ಸೆಪ್ಟೆಂಬರ್ 6ರಿಂದ ಜಾರಿಗೆ ಬಂದಿದೆ. ‘ನಮ್ಮಲ್ಲಿ ಆಟಿಸಂ ಇರುವವರು ಯಾರೂ ಇಲ್ಲ’ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಅಡುಗೆಯವರು, ರಿಸೆಪ್ಷನ್‌ನವರು ಸೇರಿ ಎಲ್ಲರಿಗೂ ತಮ್ಮ ಕೆಲಸಕ್ಕೆ ತಕ್ಕ ಮಟ್ಟದಲ್ಲಿ ಆಗಬೇಕು. ಹೊಸ ಕೇರರ್‌ಗಳ ಮೂಲ ತರಬೇತಿಯಾದ ಕೇರ್ ಸರ್ಟಿಫಿಕೇಟ್‌ನಲ್ಲೂ 2025ರಲ್ಲಿ ಇದೇ ವಿಷಯ ಸೇರಿ 15 ಇದ್ದ ಮಾನದಂಡ 16 ಆಗಿದೆ. ನಿಮ್ಮ ಇಂಡಕ್ಷನ್ ಹಾಳೆಯಲ್ಲಿ ಇನ್ನೂ 15 ಇದ್ದರೆ ತಿದ್ದಿ.

ಸಣ್ಣದೆನಿಸುವ ಒಂದು ವಿಷಯ. ಹಾಸಿಗೆಯ ಎರಡು ಬದಿ ನಿಂತು ಒಬ್ಬರನ್ನು ಮಗ್ಗುಲು ಬದಲಿಸುತ್ತ ಇಬ್ಬರು ಕೇರರ್‌ಗಳು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡಿಕೊಂಡರೆ, ನಡುವೆ ಮಲಗಿದವರಿಗೆ ತನ್ನ ಬಗ್ಗೆಯೇ ಏನೋ ಅಂದುಕೊಳ್ಳುತ್ತಿದ್ದಾರೆ ಅನಿಸುತ್ತದೆ. ಇದು ಘನತೆಯ ಕುರಿತ 2014ರ ನಿಯಮ 10ರ ವಿಷಯ, ದೂರುಗಳಲ್ಲೂ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಯಾವ ಭಾಷೆಯಾದರೂ ಆಡಲಿ, ಅದಕ್ಕೆ ನಿಷೇಧ ಹಾಕಲು ಹೋಗಬೇಡಿ.

ಸ್ಪಾನ್ಸರ್‌ಶಿಪ್‌ನಲ್ಲಿ ಮುಖ್ಯ ಬದಲಾವಣೆ ನಿಮಗೆ ಗೊತ್ತಿರಬಹುದು, ಊರಿನವರಿಗೆ ಗೊತ್ತಿಲ್ಲ: 2025ರ ಜುಲೈ 22ರಿಂದ ಹೊರದೇಶದಿಂದ ಕೇರ್ ವರ್ಕರ್, ಸೀನಿಯರ್ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ದಾರಿ ಮುಚ್ಚಿದೆ. ಈಗಲೂ ಹಾಸನದಲ್ಲೋ ಮಂಗಳೂರಿನಲ್ಲೋ ‘ಕೇರ್ ವೀಸಾ’ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟ್ ಮೋಸಗಾರನೇ. ಎನ್‌ಎಂಸಿ (ಬ್ರಿಟನ್ನಿನ ನರ್ಸಿಂಗ್ ಮಂಡಳಿ) ನೋಂದಣಿಯ ನರ್ಸ್‌ಗಳ ದಾರಿ ಬೇರೆ, ಅದು ತೆರೆದಿದೆ. ಇಲ್ಲೇ ಇರುವವರು ವೀಸಾ ಬದಲಿಸಿಕೊಳ್ಳಲು 2028ರ ಜುಲೈ 22ರವರೆಗೆ ಅವಕಾಶವಿದೆ, ಆದರೆ ಸ್ಪಾನ್ಸರ್ ಮಾಡುವ ಸಂಸ್ಥೆಯಲ್ಲೇ ಕನಿಷ್ಠ ಮೂರು ತಿಂಗಳು ಕಾನೂನುಬದ್ಧವಾಗಿ ಕೆಲಸ ಮಾಡಿರಬೇಕು. ಸ್ಪಾನ್ಸರ್ ಆಗಿ ನಿಮ್ಮ ಹೊಣೆ: ಕೆಲಸದ ಜಾಗ, ಸಂಬಳ, ಹುದ್ದೆ ಬದಲಾದರೆ 10 ಕೆಲಸದ ದಿನಗಳಲ್ಲಿ ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ಗೆ ವರದಿ. ಅನುಮತಿಯಿಲ್ಲದೆ ಸತತ 10 ಕೆಲಸದ ದಿನಗಳಿಗಿಂತ ಹೆಚ್ಚು ಬಾರದಿದ್ದರೂ ಹಾಗೆಯೇ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು ನಾಲ್ಕು ವಾರಕ್ಕಿಂತ ಹೆಚ್ಚು ಸಂಬಳವಿಲ್ಲದ ರಜೆ ಕೊಟ್ಟರೆ ಸ್ಪಾನ್ಸರ್‌ಶಿಪ್ಪೇ ನಿಲ್ಲಿಸಬೇಕಾಗುತ್ತದೆ. ಹೆರಿಗೆ, ಕಾಯಿಲೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಊರಿಗೆ ಎರಡು ತಿಂಗಳು ಹೋಗಬೇಕೆಂದವರಿಗೆ ‘ಆಯ್ತು ಹೋಗಿಬನ್ನಿ’ ಎನ್ನುವ ಮುಂಚೆ ಸಂಬಳದ ರಜೆ ಎಷ್ಟಿದೆ ಎಂದು ಎಣಿಸಿ. ಲೈಸೆನ್ಸ್ ಶುಲ್ಕ, 2024ರ ಡಿಸೆಂಬರ್ 31ರಂದು ಅಥವಾ ಅದರ ನಂತರ ಕೊಟ್ಟ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್‌ನ ಶುಲ್ಕ, ವಿದೇಶಿ ಕೆಲಸಗಾರರಿಗಾಗಿ ಸ್ಪಾನ್ಸರ್ ಸರ್ಕಾರಕ್ಕೆ ಕಟ್ಟುವ ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಇವನ್ನು ಕೆಲಸಗಾರರಿಂದ ಹಿಡಿಯುವಂತಿಲ್ಲ. ಕೆಲಸದ ಹಕ್ಕನ್ನು, ಅವರಿಂದ ಶೇರ್ ಕೋಡ್ (ವೀಸಾ ಸ್ಥಿತಿ ನೋಡಲು ಅವರು ಆನ್‌ಲೈನ್‌ನಲ್ಲಿ ತೆಗೆದುಕೊಡುವ ಸಂಕೇತ) ಪಡೆದು ಸರ್ಕಾರದ ಜಾಲತಾಣದ ಉದ್ಯೋಗದಾತರ ಪುಟದಲ್ಲಿ ನೀವೇ, ಕೆಲಸದ ಮೊದಲ ದಿನಕ್ಕೆ ಮುಂಚೆ ನೋಡಿ. ಅವರು ಫೋನಿನಲ್ಲಿ ತೋರಿಸಿದ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ತಪ್ಪಿದರೆ ಮೊದಲ ಸಲಕ್ಕೇ ಒಬ್ಬರಿಗೆ 45,000 ಪೌಂಡ್‌ವರೆಗೆ ದಂಡ.

ಮನೆ ಆರೈಕೆ ಶುರು ಮಾಡುವ ಮುಂಚೆ

ಮಾಲೀಕರಿಗೆ ಮೊದಲು ಹೇಳಬೇಕಾದದ್ದು: ಕೇರ್ ಹೋಮ್ ನೋಂದಣಿ ಇದೆ ಎಂಬುದು ಮನೆ ಆರೈಕೆಗೆ ಪರವಾನಗಿಯಲ್ಲ. ‘ಪರ್ಸನಲ್ ಕೇರ್’ ಎಂಬುದು ಬೇರೆಯೇ ನಿಯಂತ್ರಿತ ಚಟುವಟಿಕೆ. ಅದನ್ನು ಸೇರಿಸಲು ಅರ್ಜಿ ಹಾಕಿ, ಮಂಜೂರಾದ ಮೇಲೆಯೇ ಮೊದಲ ಭೇಟಿ. ಆ ಚಟುವಟಿಕೆಗೂ ರಿಜಿಸ್ಟರ್ಡ್ ಮ್ಯಾನೇಜರ್ ಬೇಕು. ಎರಡನ್ನೂ ನೀವೇ ಹೊರುವುದಾದರೆ ಎರಡಕ್ಕೂ ಸಮಯವಿದೆ ಎಂದು ತೋರಿಸಬೇಕಾಗುತ್ತದೆ. 24 ಹಾಸಿಗೆಯ ಕೇರ್ ಹೋಮ್ ‘ಸುಧಾರಣೆ ಬೇಕು’ ಸ್ಥಿತಿಯಲ್ಲಿರುವಾಗ ಇದನ್ನು ಹೆಗಲಿಗೆ ಹಾಕಿಕೊಳ್ಳುವುದು ನಮ್ಮ ಪ್ರಕಾರ ಅಕಾಲ. ಮೊದಲು ದರ್ಜೆ ಏರಲಿ.

ಹೇಗೂ ಮಾಡಿಯೇ ಸಿದ್ಧ ಎಂದರೆ ಸಂಬಳದ ಲೆಕ್ಕ ಕಾಗದದ ಮೇಲೆ ಹಾಕಿಸಿ. ಒಬ್ಬ ಕೇರರ್ ದಿನಕ್ಕೆ ಅರ್ಧ ಗಂಟೆಯ 9 ಭೇಟಿ ಮಾಡುತ್ತಾಳೆ: ನಾಲ್ಕೂವರೆ ಗಂಟೆ. ಭೇಟಿಗಳ ನಡುವೆ 8 ಪ್ರಯಾಣ, ತಲಾ 12 ನಿಮಿಷ: 96 ನಿಮಿಷ. ಒಟ್ಟು 6.1 ಗಂಟೆ. ಭೇಟಿಯ ಸಮಯಕ್ಕೆ ಮಾತ್ರ ಗಂಟೆಗೆ 14.50 ಪೌಂಡ್‌ನಂತೆ ಕೊಟ್ಟರೆ 65.25 ಪೌಂಡ್. ಕೇಳಲು ದರ ಚೆನ್ನಾಗಿದೆ, ಆದರೆ ಭೇಟಿಯಿಂದ ಭೇಟಿಗೆ ಹೋಗುವ ಸಮಯವೂ ಕನಿಷ್ಠ ವೇತನದ ಲೆಕ್ಕಕ್ಕೆ ಬರುವುದರಿಂದ ನಿಜವಾದ ದರ 10.70. 2026ರ ಏಪ್ರಿಲ್‌ನಿಂದ 21 ವರ್ಷ ಮೇಲ್ಪಟ್ಟವರ ಕನಿಷ್ಠ ವೇತನ 12.71. 6.1 ಗಂಟೆಗೆ 77.53 ಆಗಬೇಕಿತ್ತು; ದಿನಕ್ಕೆ 12.28 ಪೌಂಡ್ ಕಡಿಮೆ. ಸ್ವಂತ ಕಾರಿನ ಪೆಟ್ರೋಲ್ ಖರ್ಚು ಮರುಪಾವತಿಸದಿದ್ದರೆ ಅದೂ ಇದರಿಂದ ಕಳೆಯುತ್ತದೆ, ಯೂನಿಫಾರ್ಮ್ ದುಡ್ಡು ಹಿಡಿದರೆ ಅದೂ ಅಷ್ಟೆ. ಮನೆಯಿಂದ ಮೊದಲ ಭೇಟಿಗೆ ಹೋಗುವ, ಕೊನೆಯ ಭೇಟಿಯಿಂದ ಮನೆಗೆ ಬರುವ ಸಮಯ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಸಿಕ್ಕಿಬಿದ್ದರೆ ಬಾಕಿ ತೀರಿಸುವುದರ ಮೇಲೆ ಬಾಕಿಯ ಎರಡರಷ್ಟು ದಂಡ, ಒಬ್ಬ ಕೆಲಸಗಾರರಿಗೆ 20,000 ಪೌಂಡ್ ಮಿತಿ. ವೇತನ ದಾಖಲೆಗಳನ್ನು 6 ವರ್ಷ ಇಡಬೇಕು. ಸ್ಪಾನ್ಸರ್‌ಶಿಪ್ ಕೇರರ್‌ಗಳಿಗೆ 2025ರ ಏಪ್ರಿಲ್ 9ರಿಂದ ಗಂಟೆಗೆ 12.82 ಎಂಬ ಬೇರೆ ಕೆಳಮಿತಿ ಬಂದಿತ್ತು ಎಂಬುದನ್ನೂ, ಸರ್ಟಿಫಿಕೇಟ್‌ನಲ್ಲಿ ಬರೆದಷ್ಟು ಗಂಟೆ ಕೆಲಸ ಕೊಡಲೇಬೇಕು ಎಂಬುದನ್ನೂ ಮರೆಯಬೇಡಿ. ಪ್ರಯಾಣದ ಸಮಯವಿಲ್ಲದೆ ಭೇಟಿಗೆ ಭೇಟಿ ಅಂಟಿಸಿದ ರೋಟಾ ಆರೈಕೆಯನ್ನೂ ಕೆಡಿಸುತ್ತದೆ: ಮೊಬೈಲ್ ಲಾಗಿನ್‌ನಲ್ಲಿ ಅರ್ಧ ಗಂಟೆಯ ಭೇಟಿ 11 ನಿಮಿಷಕ್ಕೆ ಮುಗಿದದ್ದು ಕಾಣುತ್ತದೆ, ಬಿಲ್ ಮಾತ್ರ ಅರ್ಧ ಗಂಟೆಗೆ ಹೋಗಿರುತ್ತದೆ.

ಕ್ಯಾಲೆಂಡರ್‌ಗೆ ಇನ್ನು ಕೆಲವು: ಕೆಪ್ಯಾಸಿಟಿ ಟ್ರ್ಯಾಕರ್ (ಖಾಲಿ ಹಾಸಿಗೆ, ಸಿಬ್ಬಂದಿಯಂಥ ವಿವರಗಳನ್ನು ಸರ್ಕಾರಕ್ಕೆ ಕೊಡುವ ಆನ್‌ಲೈನ್ ವ್ಯವಸ್ಥೆ) ಪ್ರತಿ ತಿಂಗಳು 8ರಿಂದ 14ರ ನಡುವೆ ತುಂಬುವುದು ಕಡ್ಡಾಯ. ದತ್ತಾಂಶ ಸುರಕ್ಷತೆಯ ಟೂಲ್‌ಕಿಟ್, ಅಂದರೆ ಆನ್‌ಲೈನ್ ಸ್ವಮೌಲ್ಯಮಾಪನ, ಪ್ರತಿ ವರ್ಷ ಜೂನ್ 30ರೊಳಗೆ. ಬೆಂಕಿ ಅಪಾಯದ ಮೌಲ್ಯಮಾಪನ 2023ರ ಅಕ್ಟೋಬರ್‌ನಿಂದ ಪೂರ್ತಿ ಬರಹದಲ್ಲೇ ಇರಬೇಕು. ಲೈಂಗಿಕ ಕಿರುಕುಳ ತಡೆಯುವ ಹೊಣೆ 2024ರ ಅಕ್ಟೋಬರ್ 26ರಿಂದ ಮಾಲೀಕರ ಮೇಲಿದೆ. ಒಂಟಿಯಾಗಿ ಗ್ರಾಹಕರ ಮನೆಗೆ ಹೋಗುವ ಹುಡುಗಿಯರಿದ್ದರೆ ಇದು ಬರೀ ಪಾಲಿಸಿಯ ಮಾತಲ್ಲ, ಯಾರಿಗೆ ಫೋನ್ ಮಾಡಬೇಕು, ಆ ಮನೆಗೆ ಮುಂದೆ ಯಾರನ್ನು ಕಳಿಸಬೇಕು ಎಂದು ಮೊದಲೇ ತೀರ್ಮಾನಿಸಿಡಿ. 2026ರ ಏಪ್ರಿಲ್‌ನಿಂದ ಕಾಯಿಲೆ ರಜೆಯ ಶಾಸನಬದ್ಧ ವೇತನ ಮೊದಲ ದಿನದಿಂದಲೇ ಸಲ್ಲುತ್ತದೆ, ಕಡಿಮೆ ಗಂಟೆ ದುಡಿಯುವವರಿಗೂ.

ಸಿಕ್ಯುಸಿ ತನ್ನ ಮೌಲ್ಯಮಾಪನ ಚೌಕಟ್ಟನ್ನು ಮತ್ತೆ ಬದಲಿಸುತ್ತಿದೆ. 2023ರ ಕೊನೆಯಲ್ಲಿ ಬಂದ 34 ಗುಣಮಟ್ಟದ ಹೇಳಿಕೆಗಳ ಪದ್ಧತಿ ಟೀಕೆಗೆ ಗುರಿಯಾಗಿ, 2025ರ ಅಕ್ಟೋಬರ್‌ನಲ್ಲಿ ಹೊಸ ಪ್ರಸ್ತಾವ ಮುಂದಿಟ್ಟು ಅಭಿಪ್ರಾಯ ಕೇಳಿತು. ಸುರಕ್ಷಿತವೇ, ಪರಿಣಾಮಕಾರಿಯೇ, ಕಾಳಜಿಯುಳ್ಳದ್ದೇ, ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಚೆನ್ನಾಗಿದೆಯೇ ಎಂಬ ಐದು ಪ್ರಶ್ನೆಗಳೂ ನಾಲ್ಕು ದರ್ಜೆಗಳೂ ಆ ಪ್ರಸ್ತಾವದಲ್ಲೂ ಹಾಗೇ ಇದ್ದವು. ಹೊಸ ಚೌಕಟ್ಟಿಗೆ ತಕ್ಕ ಫೋಲ್ಡರ್ ಮಾಡಿಕೊಡುತ್ತೇವೆ ಎಂದು ಸಾವಿರಾರು ಪೌಂಡ್ ಕೇಳುವ ಸಲಹೆಗಾರರನ್ನು ಸದ್ಯಕ್ಕೆ ದೂರವಿಡಿ. ಕಾನೂನಿನ ನಿಯಮಗಳು ಚೌಕಟ್ಟಿನ ಜತೆ ಬದಲಾಗುವುದಿಲ್ಲ.

ತಪಾಸಣೆ ಮುಗಿದು ಕರಡು ವರದಿ ಬಂದಾಗ ತಪ್ಪುಗಳನ್ನು ತಿಳಿಸಲು ಸಿಗುವುದು 10 ಕೆಲಸದ ದಿನ. ನೀವು ರಜೆಯಲ್ಲಿದ್ದರೂ ಆ ಇಮೇಲ್ ತೆರೆಯುವವರು ಇನ್ನೊಬ್ಬರಿರಬೇಕು. ‘ನಮ್ಮ ಸಿಬ್ಬಂದಿ ಬಹಳ ಶ್ರಮಪಡುತ್ತಾರೆ’ ಎಂದು ಬರೆದರೆ ಒಂದಕ್ಷರವೂ ಬದಲಾಗುವುದಿಲ್ಲ. ವರದಿಯ ಪುಟ, ಸಾಲು ಉಲ್ಲೇಖಿಸಿ, ಅದು ತಪ್ಪೆಂದು ತೋರಿಸುವ ದಾಖಲೆಯನ್ನು ಲಗತ್ತಿಸಿ, ಆ ದಾಖಲೆ ತಪಾಸಣೆಯ ದಿನವೇ ಇತ್ತೆಂದು ತೋರುವ ದಿನಾಂಕ ಅದರಲ್ಲಿರಲಿ. ತಪಾಸಣೆಯ ಮರುದಿನ ಕೂತು ಬರೆದ ಮೌಲ್ಯಮಾಪನ ಕಳಿಸಿದರೆ, ತಪಾಸಣೆಯ ದಿನ ಅದು ಇರಲಿಲ್ಲ ಎಂಬ ಇನ್ಸ್‌ಪೆಕ್ಟರ್ ಮಾತನ್ನು ನೀವೇ ದೃಢಪಡಿಸಿದಂತಾಗುತ್ತದೆ. ಅಂಥದ್ದನ್ನು ಕಳಿಸುವುದಾದರೆ ಸುಧಾರಣಾ ಯೋಜನೆಯ ಜತೆ ಬೇರೆಯಾಗಿ ಕಳಿಸಿ.